ಸನ್ಮಾನ ಪತ್ರದಲ್ಲಿ ಆ ಟೀಚರ್ ಎಲ್ಲಿದ್ದಾರೆ?

ಸೆಪ್ಟೆಂಬರ್ ಬಂತು ಅಂದರೆ ನಮ್ಮ ಕಡೆ ಸನ್ಮಾನದ ತಿಂಗಳು. ಜುಲೈ 1ಕ್ಕೆ ರೋಟರಿ, ಲಯನ್ಸ್ ಕ್ಲಬ್ಬುಗಳ ಹೊಸ ವರ್ಷ ಶುರು. ಪದಗ್ರಹಣ ಮುಗಿದು, ಹೊಸ ಅಧ್ಯಕ್ಷರು ಹುರುಪಿನಲ್ಲಿ ಇರುವಾಗಲೇ ಶಿಕ್ಷಕರ ದಿನ ಬಂದುಬಿಡುತ್ತದೆ. ಮಂಗಳೂರಿನ ಪುರಭವನದಿಂದ ಹಿಡಿದು ಹೆಬ್ರಿ ಕಡೆಯ ಸಣ್ಣ ಸಮುದಾಯ ಭವನದವರೆಗೆ ಎಲ್ಲಾದರೂ ಒಂದು ಕಡೆ ವೇದಿಕೆ, ಬ್ಯಾನರ್, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಇದ್ದೇ ಇರುತ್ತದೆ. ಆಮೇಲೆ ಮಾರ್ಚ್ 8ಕ್ಕೆ ಇದೇ ಸಭೆ ಮಹಿಳಾ ಸಾಧಕಿಯರಿಗಾಗಿ ಮತ್ತೊಮ್ಮೆ ನಡೆಯುತ್ತದೆ. ನನಗೆ ಈ ಕಾರ್ಯಕ್ರಮಗಳು ತುಂಬ ಇಷ್ಟ. ಮೂವತ್ತು ವರ್ಷ ಒಂದೇ ಊರಿನ ಮಕ್ಕಳಿಗೆ ಅಕ್ಷರ ಕಲಿಸಿದವರನ್ನು ಅದೇ ಊರಿನವರು ಕರೆದು ಕೂರಿಸಿ ಕೈ ಮುಗಿಯುವುದು ಸಣ್ಣ ವಿಷಯ ಅಲ್ಲ. ಇದು ನಿಲ್ಲಬಾರದು ಅಂತಲೇ ಈ ಬರಹ.

ನನ್ನನ್ನು ಕಾಡುತ್ತಿರುವುದು ಸನ್ಮಾನ ಪತ್ರ. ಚೌಕಟ್ಟು ಹಾಕಿಸಿ, ಸುತ್ತ ಬಂಗಾರದ ಬಣ್ಣದ ಬಳ್ಳಿ ಬಿಡಿಸಿ, ಮೈಕಿನಲ್ಲಿ ಏರುದನಿಯಲ್ಲಿ ಓದುತ್ತಾರಲ್ಲ, ಅದು. ನಮ್ಮ ಕ್ಲಬ್ಬಿನಲ್ಲಿ ಅದನ್ನು ಬರೆಯುವ ಕೆಲಸ ಸುಮಾರು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಕಾರ್ಯದರ್ಶಿ ವಾಟ್ಸಾಪಿನಲ್ಲಿ ಒಂದು ಬಯೋಡೇಟಾ ಕಳಿಸುತ್ತಾರೆ. ಹುಟ್ಟಿದ ಊರು, ತಂದೆ ತಾಯಿ, ಟಿಸಿಎಚ್ (ಶಿಕ್ಷಕರ ತರಬೇತಿ) ಮಾಡಿದ್ದು ಎಲ್ಲಿ, ಕೆಲಸಕ್ಕೆ ಸೇರಿದ್ದು ಯಾವಾಗ, ಯಾವ ಯಾವ ಶಾಲೆ, ಸಿಕ್ಕಿದ ಪ್ರಶಸ್ತಿ ಯಾವುದು. ಅಷ್ಟನ್ನು ಇಟ್ಟುಕೊಂಡು ಒಂದು ಪುಟ ಬರೆಯಬೇಕು. ಒಮ್ಮೆ ಹಳೆಯ ಪತ್ರಗಳ ಫೈಲನ್ನು ತೆರೆದು ಕೂತಾಗ, ನನ್ನದೂ, ನನಗಿಂತ ಮೊದಲು ಬರೆದವರದ್ದೂ, ಬೇರೆ ಕ್ಲಬ್ಬಿನಿಂದ ಮಾದರಿಗೆ ಅಂತ ತರಿಸಿಕೊಂಡದ್ದೂ ಸೇರಿ, ಎಲ್ಲದರಲ್ಲೂ ಒಂದೇ ಮಾತು ಕಂಡಿತು. ಸಾವಿರಾರು ಮಕ್ಕಳ ಬಾಳು ಬೆಳಗಿದವರು, ಸರಳ ಸಜ್ಜನಿಕೆಯ ಮೂರ್ತಿ, ಮಕ್ಕಳ ಪಾಲಿನ ಎರಡನೇ ತಾಯಿ. ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಕೊಡಬಹುದು. ಅವರು ಗಣಿತ ಕಲಿಸಿದರಾ, ಪಿಟಿ ಕಲಿಸಿದರಾ ಅಂತ ಕೂಡ ಕೆಲವದರಲ್ಲಿ ಗೊತ್ತಾಗುವುದಿಲ್ಲ.

ಹೊಗಳಿಕೆ ಜಾಸ್ತಿ ಆಯಿತು ಅನ್ನುವುದು ನನ್ನ ದೂರಲ್ಲ. ಆ ಹೊಗಳಿಕೆಗೆ ಅವರು ಖಂಡಿತ ಅರ್ಹರು. ಆದರೆ ಅವರು ಮಾಡಿದ ಕೆಲಸ ಏನು ಅಂತ ಆ ಪುಟದಲ್ಲಿ ಇರುವುದಿಲ್ಲ. ಒಂದು ಊರು ತನ್ನ ಟೀಚರನ್ನು ಗೌರವಿಸುವಾಗ ಆ ಕೆಲಸವನ್ನು ತಿಳಿದುಕೊಂಡಿರಬೇಕು ಅಲ್ವಾ? ತಿಳಿದುಕೊಳ್ಳುವುದರಲ್ಲೇ ಗೌರವದ ದೊಡ್ಡ ಪಾಲು ಇದೆ ಅಂತ ನನಗೆ ಈಗ ಗಟ್ಟಿಯಾಗಿ ಅನಿಸುತ್ತದೆ.

ಹಾಗೆ ಅನಿಸಲು ಕಾರಣ ಒಂದು ಶನಿವಾರ.

ಕಾಲುಸಂಕದ ಹತ್ತಿರ

ಆ ವರ್ಷ ಆಯ್ಕೆಯಾದವರಲ್ಲಿ ಒಬ್ಬರು ಹೆಬ್ರಿ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯ ಟೀಚರ್. ಬಯೋಡೇಟಾ ಬಂದಿತ್ತು. ಆದರೂ ಒಮ್ಮೆ ಹೋಗಿ ಮಾತಾಡಿಸಿಕೊಂಡು ಬರೋಣ ಅಂತ ನಾನು, ಕಾರ್ಯದರ್ಶಿ ಇಬ್ಬರೂ ಆಗಸ್ಟಿನ ಒಂದು ಶನಿವಾರ ಹೊರಟೆವು. ಬೆಳಗ್ಗಿನ ಶಾಲೆ ಮುಗಿಯುವ ಹೊತ್ತಿಗೆ ತಲುಪಿದೆವು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ ಕಾರ್ಡು ಹಿಡಿದುಕೊಂಡು ಕೂತಿದ್ದರು. ನಲಿ-ಕಲಿ, ಅಂದರೆ ನಲಿಯುತ್ತಾ ಕಲಿಯುವ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂದದ್ದು. ಹೊರಗಿನಿಂದ ನೋಡಿದರೆ ಗದ್ದಲ. ಒಳಗೆ ಹೋಗಿ ಕೂತರೆ ಪ್ರತಿ ಮಗು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಎಷ್ಟನೇ ಮೆಟ್ಟಿಲಲ್ಲಿದೆ ಅಂತ ಟೀಚರಿಗೆ ಬಾಯಿಪಾಠ.

"ಅಯ್ಯೋ, ನನ್ನ ಬಗ್ಗೆ ಎಂತ ಬರೀಲಿಕ್ಕುಂಟು? ಬಯೋಡೇಟಾ ಕಳಿಸಿದ್ದೇನಲ್ಲ ಸರ್," ಅಂದರು. ನಾವು ಕೂತೆವು. ಚಹಾ ಬಂತು. ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಬರುವ ಮಕ್ಕಳ ಬಗ್ಗೆ ಕೇಳಿದೆವು. ಮನೆಯಲ್ಲಿ ತುಳು ಮಾತಾಡುವವರು, ಕೊಂಕಣಿಯವರು, ಬ್ಯಾರಿ ಮಕ್ಕಳು, ಈಗ ಕಲ್ಲಿನ ಕೋರೆಗೂ ಕಟ್ಟಡದ ಕೆಲಸಕ್ಕೂ ಬಂದ ಬಾಗಲಕೋಟೆ, ಕೊಪ್ಪಳ ಕಡೆಯವರ ಮಕ್ಕಳು. ಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯಲ್ಲೂ ಇಲ್ಲ. ಮೊದಲ ತಿಂಗಳು ಅವರು ಯಾವ ಮಗುವಿಗೂ ಕನ್ನಡದಲ್ಲೇ ಉತ್ತರ ಕೊಡು ಅಂತ ಹೇಳುವುದಿಲ್ಲವಂತೆ. ಮಗು ಯಾವ ಮಾತಿನಲ್ಲಿ ಹೇಳುತ್ತದೋ ಅದನ್ನೇ ತಾವೂ ಹೇಳಿ, ಪಕ್ಕದಲ್ಲಿ ಕನ್ನಡ ಸೇರಿಸುತ್ತಾರೆ. ಇದಕ್ಕಾಗಿ ಒಂದು ಉದ್ದ ನೋಟ್‌ಬುಕ್ ಮಾಡಿಕೊಂಡಿದ್ದಾರೆ. ಯಾವ ಮನೆಯಲ್ಲಿ ಯಾವ ವಸ್ತುವಿಗೆ ಏನನ್ನುತ್ತಾರೆ ಅಂತ ವರ್ಷ ವರ್ಷ ಬರೆದುಕೊಂಡದ್ದು. ಬಯೋಡೇಟಾದಲ್ಲಿ ಇದರ ಒಂದು ಸಾಲೂ ಇರಲಿಲ್ಲ.

ಪೋಷಕರ ಸಭೆಗೆ ತಾಯಂದಿರು ಬರುತ್ತಾರಾ ಅಂತ ಕಾರ್ಯದರ್ಶಿ ಕೇಳಿದರು. "ಬ್ರಾಂಚಿನ ದಿನ ಬಿಟ್ಟು ಇಟ್ರೆ ಬರ್ತಾರೆ," ಅಂದರು. ಬೀಡಿ ಬ್ರಾಂಚಿಗೆ ಹೋಗಿ ಕಟ್ಟಿದ ಬೀಡಿ ಕೊಟ್ಟು, ಎಲೆ ಹೊಗೆಸೊಪ್ಪು ತರುವ ದಿನ. ಆ ದಿನದ ಹಿಂದಿನ ರಾತ್ರಿ ಎಷ್ಟೋ ಮನೆಗಳಲ್ಲಿ ತಾಯಿ, ಅಜ್ಜಿ, ಅಕ್ಕ ಎಲ್ಲ ಬೀಡಿ ಕಟ್ಟುವ ಸೂಪು (ಮೊರ) ಹಿಡಿದು ಕೂತಿರುತ್ತಾರೆ. ಅದಕ್ಕೇ ಅವರು ಊರಿನ ಬ್ರಾಂಚಿನ ದಿನ ಕೇಳಿಕೊಂಡು ಸಭೆಯ ತಾರೀಕು ಹಾಕುತ್ತಾರೆ. ಮಾರನೇ ದಿನ ಹೋಂವರ್ಕ್ ಮಾಡದೆ ಬಂದ ಮಗುವನ್ನು ಬೈಯುವುದಿಲ್ಲ. ನಮ್ಮ ಎರಡು ಜಿಲ್ಲೆಗಳು ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಸ್ಥಾನಕ್ಕೆ ಬರುವುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 2024ರಲ್ಲಿ ಉಡುಪಿ, 2025ರಲ್ಲಿ ದಕ್ಷಿಣ ಕನ್ನಡ. ಆ ಫಲಿತಾಂಶದ ಬುಡ ಎಲ್ಲಿದೆ ಅಂತ ಹುಡುಕಿದರೆ ಬೀಡಿ ಬ್ರಾಂಚಿನ ದಿನ ಗೊತ್ತಿರುವ ಒಂದನೇ ಕ್ಲಾಸಿನ ಟೀಚರ್ ಹತ್ತಿರ ಹೋಗಬೇಕಾಗುತ್ತದೆ.

ಅಷ್ಟರಲ್ಲಿ ಮಳೆ ಜೋರಾಯಿತು. ಟೀಚರ್ ಮಾತು ನಿಲ್ಲಿಸಿ ಎದ್ದರು. "ಹತ್ತು ನಿಮಿಷ ಕೂತ್ಕೊಳ್ಳಿ ಸರ್, ಮಕ್ಕಳನ್ನು ದಾಟಿಸಿ ಬರ್ತೇನೆ." ನಾವೂ ಕೊಡೆ ಹಿಡಿದು ಹಿಂದೆ ಹೋದೆವು. ಶಾಲೆಯ ಕೆಳಗೆ ತೋಟದ ಬದಿಯಲ್ಲಿ ಒಂದು ತೋಡು, ಅದರ ಮೇಲೆ ಅಡಿಕೆ ಮರ ಜೋಡಿಸಿದ ಕಾಲುಸಂಕ. ಹಿಡಿದುಕೊಳ್ಳಲಿಕ್ಕೆ ಒಂದು ಬದಿಯಲ್ಲಿ ಹಗ್ಗ. ಟೀಚರ್ ಮೊದಲು ನೀರು ನೋಡಿದರು. ಆಮೇಲೆ ದೊಡ್ಡ ಮಕ್ಕಳ ಕೈಗೆ ಸಣ್ಣವರ ಕೈ ಕೊಟ್ಟು, ಬ್ಯಾಗುಗಳನ್ನು ತಾವು ತೆಗೆದುಕೊಂಡು, ಸಂಕದ ಮೇಲೆ ಅಡ್ಡ ನಿಂತು ಒಬ್ಬೊಬ್ಬರನ್ನೇ ಕಳಿಸಿದರು. ನೀರಿನ ಬಣ್ಣ ಕೆಂಪಾದರೆ ಮೇಲೆ ಘಟ್ಟದ ಬದಿಯಲ್ಲಿ ಮಳೆ ಬಿದ್ದಿದೆ ಅಂತ ಅರ್ಥ, ಆಗ ಬಿಡುವುದಿಲ್ಲವಂತೆ. ಆಚೆ ಕಡೆಯ ಮನೆಗಳಿಗೆ ಫೋನ್ ಮಾಡಿ ಯಾರಾದರೂ ದೊಡ್ಡವರು ಬರುವವರೆಗೆ ಮಕ್ಕಳನ್ನು ಶಾಲೆಯಲ್ಲೇ ಕೂರಿಸಿಕೊಳ್ಳುತ್ತಾರೆ. ಮಳೆ ರಜೆ ಘೋಷಣೆಯಾಗುವುದು ಜಿಲ್ಲಾಧಿಕಾರಿ ಕಚೇರಿಯಿಂದ, ಅದು ಬೆಳಿಗ್ಗೆಯ ವಿಷಯ. ಶಾಲೆ ಬಿಡುವ ಹೊತ್ತಿಗೆ ಏರುವ ನೀರಿಗೆ ಟೀಚರೇ ಜಿಲ್ಲಾಧಿಕಾರಿ.

2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನಲ್ಲಿ ಎರಡನೇ ಕ್ಲಾಸಿನ ಪುಟ್ಟ ಹುಡುಗಿ ಶಾಲೆಯಿಂದ ಮನೆಗೆ ಹೋಗುವಾಗ ಕಾಲುಸಂಕದಿಂದ ಜಾರಿ ನೀರುಪಾಲಾದದ್ದು ನಮಗೆಲ್ಲ ನೆನಪಿದೆ. ಆ ಸುದ್ದಿ ಓದಿ ನಾವು ಮರುಗಿದೆವು. ಈ ಟೀಚರ್ ಅದಕ್ಕೆ ಮೊದಲೂ, ಆಮೇಲೂ ಪ್ರತಿ ಮಳೆಗಾಲ ಅಲ್ಲಿ ಹೋಗಿ ನಿಂತಿದ್ದಾರೆ. ಅದನ್ನು ಅವರು ತಮ್ಮ ಸಾಧನೆ ಅಂತ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಬಯೋಡೇಟಾದ "ವಿಶೇಷ ಸಾಧನೆ" ಅನ್ನುವ ಜಾಗದಲ್ಲಿ ಅವರು ಬರೆದದ್ದು, ತಾಲೂಕು ಮಟ್ಟದ ಪ್ರತಿಭಾ ಕಾರಂಜಿಯಲ್ಲಿ ತೀರ್ಪುಗಾರರಾಗಿ ಭಾಗವಹಿಸಿದ್ದು.

ಕಿತ್ತಳೆಯ ಬೆಲೆ

ಪದ್ಮಶ್ರೀ ಹರೇಕಳ ಹಾಜಬ್ಬರ ಬಗ್ಗೆ ನಿಮ್ಮ ಮನೆಯ ಮಕ್ಕಳನ್ನು ಕೇಳಿ ನೋಡಿ. ಎಲ್ಲರೂ ಹೇಳುವುದು ಒಂದೇ ಸಂಗತಿ. ಮಂಗಳೂರಿನಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರುತ್ತಿದ್ದರು, ವಿದೇಶಿಯರೊಬ್ಬರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು, ಉತ್ತರ ಕೊಡಲಿಕ್ಕೆ ಆಗಲಿಲ್ಲ, ನನ್ನ ಊರಿನ ಮಕ್ಕಳಿಗೆ ಹೀಗೆ ಆಗಬಾರದು ಅಂತ ಶಾಲೆ ಕಟ್ಟಿದರು. ಅಷ್ಟೇ. 2020ರ ಜನವರಿಯಲ್ಲಿ ಪ್ರಶಸ್ತಿ ಘೋಷಣೆಯಾಗಿ, 2021ರ ನವೆಂಬರಿನಲ್ಲಿ ಅವರು ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದಾಗ ಪತ್ರಿಕೆಗಳು ಅವರಿಗೆ ಎಷ್ಟೋ ಬಿರುದು ಕೊಟ್ಟವು. ಒಳ್ಳೆಯ ಬಿರುದುಗಳೇ. ಆದರೆ ಜನರ ಬಾಯಲ್ಲಿ ಉಳಿದದ್ದು ಕಿತ್ತಳೆಯ ಬೆಲೆ. ಆ ಒಂದು ಸಂಗತಿ ಗೊತ್ತಿದ್ದರೆ ಅವರ ಊರು ನ್ಯೂಪಡ್ಪುವಿನ ಶಾಲೆ ಯಾಕೆ ಹುಟ್ಟಿತು ಅಂತ ಗೊತ್ತಾಗುತ್ತದೆ.

ನಾವು ಸನ್ಮಾನಗಳನ್ನು ಮಾಡುವ ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾವ್ ಅವರ ಹೆಸರಿದೆ. 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದವರು, ತಮ್ಮವರಿಂದಲೇ ಬಹಿಷ್ಕಾರ ಎದುರಿಸಿದವರು. ತನ್ನ ಶಾಲೆಯಲ್ಲಿ ಕಲಿತ ಮಗು ಮುಂದೆ ದೊಡ್ಡ ಕೆಲಸ ಹಿಡಿದು, ಈ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಿದರೆ ಬದುಕು ಸಾರ್ಥಕ ಅಂತ ಅವರು ಹೇಳಿದ್ದರು. ತನಗೆ ಬೇಕಾದ ಸನ್ಮಾನ ಯಾವುದು ಅಂತ ಅವರು ಎಷ್ಟು ಸ್ಪಷ್ಟವಾಗಿ ಹೇಳಿಟ್ಟಿದ್ದಾರೆ ನೋಡಿ. ನಮ್ಮ ಟೀಚರುಗಳನ್ನೂ ಕೇಳಿದರೆ ಹೇಳುತ್ತಾರೆ. ಕೇಳುವುದಿಲ್ಲ ನಾವು.

ಸರ್ಕಾರದ ಪ್ರಶಸ್ತಿಗಳಿಗೆ ಅರ್ಜಿ ಬೇಕು. ರಾಷ್ಟ್ರ ಪ್ರಶಸ್ತಿಗೂ 2018ರಿಂದ ಶಿಕ್ಷಕರೇ ಆನ್‌ಲೈನ್‌ನಲ್ಲಿ ತಮ್ಮ ಹೆಸರು ಹಾಕಿಕೊಳ್ಳಬಹುದು. ದೇಶದಷ್ಟು ದೊಡ್ಡ ವ್ಯವಸ್ಥೆಗೆ ಅದು ಅನಿವಾರ್ಯ ಇರಬಹುದು. ಆದರೆ ತನ್ನ ಕೆಲಸದ ಫೋಟೊ ತೆಗೆದಿಟ್ಟು, ದಾಖಲೆ ಜೋಡಿಸಿ, ಅರ್ಜಿ ತುಂಬುವ ಅಭ್ಯಾಸ ಎಲ್ಲರಿಗೂ ಇರುವುದಿಲ್ಲ. ಕಾಲುಸಂಕದ ಮೇಲೆ ನಿಂತಿರುವಾಗ ಎರಡೂ ಕೈಯಲ್ಲಿ ಮಕ್ಕಳ ಬ್ಯಾಗು ಇರುತ್ತದೆ, ಫೋಟೊ ಯಾರು ತೆಗೆಯುವುದು? ಊರಿನ ಕ್ಲಬ್ಬಿಗೆ ಈ ಕಷ್ಟ ಇಲ್ಲ. ನಮಗೆ ಅರ್ಜಿ ಬೇಡ, ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಹೋದರೆ ಸಾಕು. ಅರ್ಧ ಗಂಟೆಯ ದಾರಿ. ಇಷ್ಟು ಹತ್ತಿರ ಇದ್ದೂ ನಾವು ದಿಲ್ಲಿಯವರ ಹಾಗೆ ಬಯೋಡೇಟಾ ತರಿಸಿಕೊಂಡು ಬರೆಯುವುದು ಯಾಕೆ?

ಮಹಿಳೆಯರು ಒಳಗೆ ಬಂದ ದಾರಿ

ಮಾರ್ಚಿನ ಕಾರ್ಯಕ್ರಮದ ಬಗ್ಗೆಯೂ ಹೇಳಬೇಕು. ಮಹಿಳಾ ಸಾಧಕಿಯರನ್ನು ಗೌರವಿಸುವ ನಮ್ಮ ಸೇವಾ ಕ್ಲಬ್ಬುಗಳೇ ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಂಡ ಕಥೆ ಹೊಸ ಸದಸ್ಯರಿಗೆ ಅಷ್ಟಾಗಿ ಗೊತ್ತಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡುವಾರ್ಟೆ ಅಂತ ಒಂದು ಸಣ್ಣ ಊರು. 1977ರಲ್ಲಿ ಅಲ್ಲಿನ ರೋಟರಿ ಕ್ಲಬ್ ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. ಮರುವರ್ಷ ಮೇಲಿನವರು ಆ ಕ್ಲಬ್ಬಿನ ಮಾನ್ಯತೆಯನ್ನೇ ರದ್ದು ಮಾಡಿದರು. ಕ್ಲಬ್ಬಿನವರು ಬಿಡಲಿಲ್ಲ, ಕೋರ್ಟಿಗೆ ಹೋದರು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟು ಮಹಿಳೆಯರ ಪರ ತೀರ್ಪು ಕೊಟ್ಟಿತು. ಅದೇ ವರ್ಷ ಆ ಕ್ಲಬ್ಬಿಗೆ ಅಧ್ಯಕ್ಷರಾದವರು ಸಿಲ್ವಿಯಾ ವಿಟ್‌ಲಾಕ್. ರೋಟರಿಯ ಇತಿಹಾಸದಲ್ಲೇ ಮೊದಲ ಮಹಿಳಾ ಕ್ಲಬ್ ಅಧ್ಯಕ್ಷೆ. ಅವರ ಉದ್ಯೋಗ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ! ಲಯನ್ಸ್ ಕೂಡ 1987ರಲ್ಲೇ ಬಾಗಿಲು ತೆರೆಯಿತು, ರೋಟರಿ 1989ರಲ್ಲಿ ಇಡೀ ಜಗತ್ತಿನ ಕ್ಲಬ್ಬುಗಳಿಗೆ ನಿಯಮ ಬದಲಿಸಿತು.

ಇದನ್ನು ನಾನು ಯಾಕೆ ಹೇಳುತ್ತಿದ್ದೇನೆ ಅಂದರೆ, ಒಂದು ಊರಿನ ಶಾಲೆ ನಡೆಸುವ ಹೆಂಗಸು ನಾಯಕಿ ಅಂತ ಒಪ್ಪಿಕೊಳ್ಳಲು ಸೇವಾ ಸಂಸ್ಥೆಗಳಿಗೇ ಇಷ್ಟು ಕಾಲ ಹಿಡಿಯಿತು. ಹಾಗಾದರೆ ಇವತ್ತು ನಾವು ಯಾರನ್ನು ನಾಯಕಿ ಅಂತ ಇನ್ನೂ ನೋಡಿಲ್ಲ? ವೈದ್ಯೆ, ವಕೀಲೆ, ಉದ್ಯಮಿ, ಕಾಲೇಜಿನ ಪ್ರಾಂಶುಪಾಲೆ, ಇವರ ಹೆಸರು ನಮ್ಮ ಪಟ್ಟಿಗೆ ಸುಲಭವಾಗಿ ಬರುತ್ತದೆ. ಬರಲಿ. ಆದರೆ ಕರ್ನಾಟಕದಲ್ಲಿ ಪಂಚಾಯತ್ ಸೀಟುಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು. 1987ರಲ್ಲೇ, ಅಂದರೆ ದೇಶಕ್ಕೆಲ್ಲ ಪಂಚಾಯತ್ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬರುವ ಮೊದಲೇ, ನಮ್ಮಲ್ಲಿ ಶೇಕಡ 25 ಮೀಸಲಾತಿಯಲ್ಲಿ ಚುನಾವಣೆ ನಡೆದಿತ್ತು. ನಮ್ಮ ಹಳ್ಳಿಗಳಲ್ಲಿ ಎರಡು ತಲೆಮಾರಿನ ಹೆಂಗಸರು ಸಭೆ ನಡೆಸಿ, ನೀರಿನ ಪೈಪಿಗೆ ಜಗಳ ಮಾಡಿ, ಬಿಲ್ಲಿಗೆ ಸಹಿ ಹಾಕಿ ಕಲಿತಿದ್ದಾರೆ. ಅವರನ್ನು ನಾವು ಮಾರ್ಚ್ 8ಕ್ಕೆ ಕರೆಯುವುದು ದೀಪ ಬೆಳಗಲಿಕ್ಕೆ ಮಾತ್ರ.

ಹೋದ ವರ್ಷ ನಮ್ಮ ಕ್ಲಬ್ಬು ಸ್ವಚ್ಛವಾಹಿನಿಯ ಡ್ರೈವರ್ ಒಬ್ಬರನ್ನು ಆರಿಸಿತು. ಗ್ರಾಮ ಪಂಚಾಯತಿನ ಒಣಕಸದ ಗಾಡಿ. ನಮ್ಮ ಎರಡೂ ಜಿಲ್ಲೆಗಳಲ್ಲಿ ಸಂಜೀವಿನಿ ಒಕ್ಕೂಟದ (ಮಹಿಳಾ ಸ್ವಸಹಾಯ ಗುಂಪುಗಳ ಒಕ್ಕೂಟ) ಎಷ್ಟೋ ಹೆಂಗಸರು ಡ್ರೈವಿಂಗ್ ಕಲಿತು ಈ ಗಾಡಿ ಓಡಿಸುತ್ತಿದ್ದಾರೆ. ಅವರು ತಂದ ಒಣಕಸ ಕಾರ್ಕಳದ ನಿಟ್ಟೆಯಲ್ಲಿ ಇರುವಂಥ ದೊಡ್ಡ ವಿಂಗಡಣೆ ಘಟಕಗಳಿಗೆ ಹೋಗುತ್ತದೆ. ಆ ಸಲ ನಾನು ಪತ್ರ ಬರೆದು ಮುದ್ರಿಸುವ ಮೊದಲು ಅವರಿಗೇ ಓದಿ ತೋರಿಸಿದೆ. ಕೇಳಿಸಿಕೊಂಡು, "ಅಣ್ಣ, ಸ್ವಚ್ಛತೆಯ ರಾಯಭಾರಿ ಅಂತೆಲ್ಲ ಬೇಡ," ಅಂದರು. ಮತ್ತೆ ಏನು ಬರೆಯಲಿ ಅಂತ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು: "ಗಾಡಿ ಓಡಿಸುವುದು ಕಷ್ಟ ಅಲ್ಲ. ತಿಂಗಳ ಶುಲ್ಕ ಕೇಳ್ಲಿಕ್ಕೆ ಹೋಗುವುದು ಕಷ್ಟ. ನಮ್ಮ ಕಸ ನಾವು ಕೊಟ್ಟು ದುಡ್ಡೂ ಕೊಡಬೇಕಾ ಅಂತ ಕೇಳ್ತಾರೆ. ಮೊದಲು ನಾಲ್ಕು ಮನೆಯವರು ಕೊಡ್ತಿದ್ರು, ಈಗ ಹೆಚ್ಚಿನವರು ಕೊಡ್ತಾರೆ. ಅದು ನಾನು ಮಾತಾಡಿ ಮಾತಾಡಿ ಆದದ್ದು. ಅದನ್ನು ಬರೀರಿ."

ಇದು ನಾಯಕತ್ವ ಅಲ್ಲದೆ ಮತ್ತೇನು? ಮನೆ ಮನೆಯ ಗೇಟಿಗೆ ಹೋಗಿ, ಬೈಸಿಕೊಂಡು, ಮತ್ತೆ ಮರುವಾರ ಹೋಗಿ, ಒಂದು ಊರಿನ ಅಭ್ಯಾಸವನ್ನೇ ಬದಲಿಸಿದ್ದಾರೆ. ಅದನ್ನೇ ಬರೆದೆ. ಅವರು ಹೇಳಿದ ಮಾತಿನಲ್ಲೇ ಬರೆದೆ.

ಕಾರ್ಯಕ್ರಮದ ದಿನ ಇನ್ನೊಂದು ಬದಲಾವಣೆ ಮಾಡಿದೆವು. ಸಾಮಾನ್ಯವಾಗಿ ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಮುಖ್ಯ ಅತಿಥಿ, ವಲಯ ಸೇನಾನಿ (ಕ್ಲಬ್ಬುಗಳ ವಲಯದ ಪದಾಧಿಕಾರಿ), ಎಲ್ಲರ ಮಾತು ಮುಗಿದ ಮೇಲೆ ಸನ್ಮಾನಿತರಿಗೆ "ಎರಡು ಮಾತು" ಅಂತ ಕೊಡುತ್ತಾರೆ. ಅಷ್ಟರಲ್ಲಿ ಊಟದ ಪರಿಮಳ ಬಂದಿರುತ್ತದೆ, ಹಿಂದಿನ ಕುರ್ಚಿ ಖಾಲಿಯಾಗಿರುತ್ತದೆ, ಅವರು ಎಲ್ಲರಿಗೂ ಧನ್ಯವಾದ ಹೇಳಿ ಕೂರುತ್ತಾರೆ. ನಾವು ಪತ್ರ ಓದಿದ ತಕ್ಷಣ ಮೈಕನ್ನು ಅವರ ಕೈಗೇ ಕೊಟ್ಟೆವು. ಮುಖ್ಯ ಅತಿಥಿಯ ಮಾತಿಗಿಂತ ಮೊದಲು. ಅವರು ಮೊದಲು ಸ್ವಲ್ಪ ತಡವರಿಸಿದರು. ಆಮೇಲೆ ಹೇಳಿದ್ದು ನನಗೆ ಮರೆಯುವುದಿಲ್ಲ: "ಕಸದ ಚೀಲವನ್ನು ಗೇಟಿನ ಒಳಗಿಂದ ಬಿಸಾಡ್ಬೇಡಿ. ಕೈಗೆ ಕೊಡಿ. ಒಡೆದ ಗ್ಲಾಸು ಇದ್ರೆ ಪೇಪರಿನಲ್ಲಿ ಸುತ್ತಿ, ಗ್ಲಾಸು ಉಂಟು ಅಂತ ಹೇಳಿ ಕೊಡಿ. ನಮ್ಮ ಕೈ ಕುಯ್ತದೆ." ಸಭೆಯಲ್ಲಿ ಕೂತವರಲ್ಲಿ ಹೆಚ್ಚಿನವರು ಅದೇ ಪಂಚಾಯತಿನವರು. ಕಾರ್ಯಕ್ರಮ ಮುಗಿದ ಮೇಲೆ ಊಟದ ಸಾಲಿನಲ್ಲಿ ಅವರನ್ನು ಸುತ್ತಿಕೊಂಡು, ಹಾಲಿನ ಪ್ಯಾಕೆಟ್ ತೊಳೆದು ಕೊಡಬೇಕಾ, ಹಳೆ ಬಟ್ಟೆ ತೆಗೆದುಕೊಳ್ಳುತ್ತೀರಾ ಅಂತ ಕೇಳುವವರೇ ಕೇಳುವವರು. ಅವರ ಕುತ್ತಿಗೆಯಲ್ಲಿ ಶಂಕರಪುರ ಮಲ್ಲಿಗೆಯ ಹಾರ ಹಾಗೇ ಇತ್ತು, ಉತ್ತರ ಕೊಡುವುದರಲ್ಲಿ ಅವರ ಊಟ ಕೊನೆಗಾಯಿತು.

ಹೆಬ್ರಿ ಕಡೆಯ ಆ ಟೀಚರ್ ಪತ್ರವನ್ನೂ ಇದೇ ರೀತಿ ಬರೆದಿದ್ದೆವು. ನೋಟ್‌ಬುಕ್, ಬ್ರಾಂಚಿನ ದಿನ, ಕಾಲುಸಂಕ ಎಲ್ಲ ಅದರಲ್ಲಿತ್ತು. ಓದಿ ಮುಗಿಸಿದಾಗ ಅವರು ಕಣ್ಣೊರೆಸಿಕೊಂಡರು. ಆಮೇಲೆ ಕಾರ್ಯದರ್ಶಿಯ ಹತ್ತಿರ, ಈ ಪತ್ರದ ಒಂದು ಪ್ರತಿ ಬೇಕಿತ್ತು, ಕಿರುಸೇತುವೆಯ ಅರ್ಜಿಯ ಜೊತೆ ಲಗತ್ತಿಸುತ್ತೇನೆ ಅಂದರು. ಈಗ ಕ್ಲಬ್ಬಿನ ಲೆಟರ್‌ಹೆಡ್ಡಿನಲ್ಲೂ ಒಂದು ಮನವಿ ಹೋಗಿದೆ. ಸೇತುವೆ ಇನ್ನೂ ಆಗಿಲ್ಲ. ನಾವು ಕೇಳುತ್ತಾ ಇದ್ದೇವೆ.

ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಅತಿಥಿ ಶಿಕ್ಷಕಿ, ಬಿಸಿಯೂಟದ ಅಡುಗೆಯವರು, ಇವರಿಗೆ ಸಿಗುವುದು ಸಂಬಳ ಅಲ್ಲ, ಸಣ್ಣ ಗೌರವಧನ. ಅದು ಸಮಯಕ್ಕೆ ಬರಬೇಕು, ಹೆಚ್ಚಾಗಬೇಕು. ನಮ್ಮ ಶಾಲು ಅದಕ್ಕೆ ಬದಲಿ ಆಗುವುದಿಲ್ಲ, ಆಗಲೂಬಾರದು. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ಅರ್ಧ ಶತಮಾನವೇ ಆಯಿತು. ಇಷ್ಟು ವರ್ಷದಲ್ಲಿ ನಮ್ಮ ಊರಿನ ಎಲ್ಲ ಮಕ್ಕಳಿಗೂ ಮೊದಲ ಟೀಚರ್ ಆದವರು ಶಿಕ್ಷಕರ ದಿನದ ಪಟ್ಟಿಯಲ್ಲಿ ಎಷ್ಟು ಸಲ ಬಂದಿದ್ದಾರೆ ಅಂತ ಪ್ರತಿ ಕ್ಲಬ್ಬೂ ತನ್ನ ಹಳೆ ಫೈಲು ತೆಗೆದು ನೋಡಿಕೊಳ್ಳಲಿ.

ಈ ವರ್ಷದ ಪಟ್ಟಿ ಮಾಡಲು ಕೂತಾಗ ನಮ್ಮಲ್ಲಿ ಒಂದು ಚರ್ಚೆ ಆಯಿತು. ಮನೆಗೆ ಹೋಗಿ ಮಾತಾಡಿಸಿ ಬರೆಯುವುದಾದರೆ, ಮೈಕನ್ನೂ ಅವರಿಗೇ ಕೊಡುವುದಾದರೆ, ಒಂದೇ ಸಂಜೆ ಹತ್ತು ಜನರ ಸನ್ಮಾನ ಸಾಧ್ಯ ಇಲ್ಲ. ಮೂವರು ಸಾಕು ಅಂದೆ ನಾನು. ಕ್ಲಬ್ಬಿನ ಹಿರಿಯರೊಬ್ಬರು ಒಪ್ಪಲಿಲ್ಲ. ಹತ್ತು ಮನೆಗೆ ಹೋಗುವ ಸಂತೋಷವನ್ನು ಮೂರಕ್ಕೆ ಇಳಿಸುವುದು ಸರಿಯಾ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಎಷ್ಟೋ ಟೀಚರುಗಳಿಗೆ ನಿವೃತ್ತಿಯವರೆಗೆ ಸಿಗುವ ಒಂದೇ ಒಂದು ಶಾಲು ಇಂಥ ಕ್ಲಬ್ಬಿನದ್ದು ಅನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು. ಕೊನೆಗೆ ಅವರೇ ದಾರಿ ಹೇಳಿದರು. ಸೆಪ್ಟೆಂಬರಿಗೆ ಮೂವರು, ಉಳಿದ ಏಳು ಜನರನ್ನು ತಿಂಗಳಿಗೊಬ್ಬರಂತೆ ನಮ್ಮ ಮಾಮೂಲಿ ಸಭೆಗೇ ಕರೆಯೋಣ, ಅವತ್ತು ಭಾಷಣಕ್ಕೆ ಬೇರೆ ಯಾರೂ ಬೇಡ. ಅಕ್ಟೋಬರಿಗೆ ಬಿಸಿಯೂಟದ ಅಡುಗೆಯವರೊಬ್ಬರ ಹೆಸರು, ನವೆಂಬರಿಗೆ ಒಬ್ಬ ಅತಿಥಿ ಶಿಕ್ಷಕಿಯ ಹೆಸರು ಬರೆದುಕೊಂಡಿದ್ದೇವೆ. ಶಿಕ್ಷಕಿಗೆ ಸಂಜೆ ಟ್ಯೂಷನ್ ಇರುತ್ತದೆಯಂತೆ, ಹಾಗಾಗಿ ನವೆಂಬರಿನ ಸಭೆ ಭಾನುವಾರ ಬೆಳಿಗ್ಗೆ.